ತೆಳು ಸಿಪ್ಪೆ

ಹಣ್ಣು ಪರೀಕ್ಷೆ ಮಾಡುವ ಆ ಲ್ಯಾಬಿನಲ್ಲಿ ಒಂದು ಮಹಡಿ ತುಂಬ ಮಿಷನ್ನುಗಳಿದ್ದವು. ಒಂದೊಂದೂ ಬೀಗರ ಹಾಗೆ ಬಿಗಿದುಕೊಂಡು ಕೂತಿತ್ತು. ತಣ್ಣನೆ ಗಾಳಿ ಬೀಸದಿದ್ದರೆ ಕೆಲಸ ಮಾಡುವುದಿಲ್ಲ, ಧೂಳು ಕಂಡರೆ ಮುನಿಸು, ಕರೆಂಟು ಒಂದು ಕ್ಷಣ ಹೋಗಿ ಬಂದರೆ ಅರ್ಧ ದಿನ ಮಾತಿಲ್ಲ ಕತೆಯಿಲ್ಲ. ಆದರೆ ಇಷ್ಟೆಲ್ಲ ಬಿಂಕದ ಮಿಷನ್ನುಗಳಲ್ಲಿ ಒಂದಕ್ಕೂ ಸೇಬಿನ ಸಿಪ್ಪೆ ತೆಗೆಯಲು ಬರುತ್ತಿರಲಿಲ್ಲ. ಅದಕ್ಕೆ ಸಿಪ್ಪೆಯಮ್ಮನೇ ಆಗಬೇಕಿತ್ತು.

ಬೆಳಿಗ್ಗೆ ಬಂದ ಹಣ್ಣುಗಳ ಸಿಪ್ಪೆಯನ್ನೂ ತಿರುಳನ್ನೂ ಬೇರೆ ಮಾಡಿ, ಬೇರೆ ಬೇರೆ ಗಾಜಿನ ಡಬ್ಬಿಗೆ ತುಂಬುವುದು ಅವಳ ಕೆಲಸ. ತೋಟದಲ್ಲಿ ಹುಳ ಸಾಯಲೆಂದು ಹೊಡೆದ ಔಷಧಿ ಸಿಪ್ಪೆಯಲ್ಲಿ ಎಷ್ಟು ಉಳಿದಿದೆ, ತಿರುಳಿನಲ್ಲಿ ಎಷ್ಟು ಉಳಿದಿದೆ ಎಂಬುದನ್ನು ಆಮೇಲೆ ಮಿಷನ್ನು ಹೇಳುತ್ತದೆ. ಸಿಪ್ಪೆಯ ಜೊತೆ ತಿರುಳು ಬರಕೂಡದು, ತಿರುಳಿನ ಜೊತೆ ಸಿಪ್ಪೆಯ ಸೋಂಕೂ ಇರಕೂಡದು. ಲ್ಯಾಬಿಗೆ ಬರುವ ಮೊದಲು ಅವಳು ಜಾಮ್ ಕಾರ್ಖಾನೆಯಲ್ಲಿ ಹಣ್ಣು ಹೆಚ್ಚುತ್ತಿದ್ದವಳು. ಅಲ್ಲಿ ಸಿಪ್ಪೆಗೆ ಚೂರು ತಿರುಳು ಅಂಟಿಕೊಂಡು ಹೋದರೂ ಮೇಸ್ತ್ರಿ ಮೂರು ತಲೆಮಾರನ್ನು ಸೇರಿಸಿ ಬಯ್ಯುತ್ತಿದ್ದ. ಆ ಬೈಗುಳದಲ್ಲಿ ಪಳಗಿದ ಕೈ. ತೊಟ್ಟಿನ ಹತ್ತಿರ ಚಾಕು ಇಟ್ಟರೆ ಬುಡದವರೆಗೆ ಒಂದೇ ಪಟ್ಟಿ, ಎಲ್ಲೂ ತುಂಡಾಗದೆ, ಬೆಳಕಿಗೆ ಹಿಡಿದರೆ ಆಚೆಗಿನ ಕಿಟಕಿ ಕಾಣುವಷ್ಟು ತೆಳ್ಳಗೆ ಇಳಿದು ಬರುತ್ತಿತ್ತು. ಹೊಸದಾಗಿ ಸೇರಿದವರನ್ನು ಲ್ಯಾಬಿನ ಮುಖ್ಯಸ್ಥೆ ಮೇಡಂ ಮೊದಲು ಕರೆತಂದು ತೋರಿಸುತ್ತಿದ್ದದ್ದು ಮಿಷನ್ನನ್ನಲ್ಲ, ಸಿಪ್ಪೆಯಮ್ಮನ ಕೈಯನ್ನು. ಅವಳಿಗೂ ಅದು ಗೊತ್ತಿತ್ತು. ಗೊತ್ತಿದ್ದರೂ ಗೊತ್ತಿಲ್ಲದ ಹಾಗೆ ಮುಖ ಮಾಡಿಕೊಂಡು ಇನ್ನಷ್ಟು ತೆಳ್ಳಗೆ ತೆಗೆಯುತ್ತಿದ್ದಳು.

ಕೆಲಸಕ್ಕೊಂದು ಕಟ್ಟುಪಾಡಿತ್ತು. ಸಿಪ್ಪೆಗೆ ಕಪ್ಪು ಹಿಡಿಯ ಚಾಕು, ತಿರುಳಿಗೆ ಬಿಳಿ ಹಿಡಿಯದು. ಸಿಪ್ಪೆ ತೆಗೆದಾದ ಮೇಲೆ ಕೈಗವಸು ಬದಲಾಯಿಸಬೇಕು. ಆಮೇಲೆ ಹಣ್ಣಿನ ನಡುವಿನ ಬೀಜದ ಭಾಗವನ್ನು ಕೊರೆದು ತೆಗೆದು, ಆ ತೂತಿನೊಳಗಿಂದ ಬಿಳಿ ಚಾಕುವನ್ನು ಹೊರಮುಖವಾಗಿ ತರಬೇಕು. ಮನೆಯಲ್ಲಿ ಹೆಚ್ಚುವ ಹಾಗೆ ಹೊರಗಿನಿಂದ ಒಳಗೆ ಇಳಿಸಿದರೆ, ಹೊರಗಿನದೆಲ್ಲ ಅಲಗಿನ ಜೊತೆ ಒಳಗೆ ಬರುತ್ತದೆ. ಎಲ್ಲ ಹಣ್ಣುಗಳ ತಿರುಳೂ ಒಂದೇ ಡಬ್ಬಿಗೆ ಹೋಗುವುದರಿಂದ ಒಂದು ಹಣ್ಣಿನಲ್ಲಿ ಕೈ ತಪ್ಪಿದರೂ ಇಡೀ ಡಬ್ಬಿ ಕೆಟ್ಟ ಹಾಗೆ.

ಲ್ಯಾಬಿನಲ್ಲಿ ಕಲಿತದ್ದನ್ನು ಅವಳು ಮನೆಗೂ ತಂದಿದ್ದಳು. ಸೈಕಲ್ ರಿಪೇರಿ ಅಂಗಡಿಯ ಮೇಲಿನ ಎರಡು ಕೋಣೆ ಅವರ ಮನೆ. ಮಗ ದೂರದೂರಿನ ಬಸ್ಸಿನ ಡ್ರೈವರು. ಮನೆಯಲ್ಲಿ ಇದ್ದಾಗ ಮಲಗಿರುತ್ತಾನೆ, ಎದ್ದಾಗ ಬಸ್ಸಿನಲ್ಲಿರುತ್ತಾನೆ. ಸೊಸೆ ಕಿಟಕಿಯ ಪಕ್ಕ ಮಿಷನ್ನು ಹಾಕಿಕೊಂಡು ಬಟ್ಟೆ ಹೊಲಿಯುತ್ತಾಳೆ. ಉಳಿದವಳು ಪುಟ್ಟಿ, ಮೊಮ್ಮಗಳು, ಕೆಳಗೆರಡು ಹಲ್ಲು ಮೂಡಿಸಿಕೊಂಡು ಇಡೀ ಮನೆಯನ್ನು ಆಳುತ್ತಿದ್ದವಳು. ಅವಳಿಗೆ ಗಟ್ಟಿ ಆಹಾರ ಶುರು ಮಾಡಿದ ದಿನದಿಂದ ಬೆಳಗಿನ ಸೇಬು ಅಜ್ಜಿಯ ಪಾಲು. ಸಿಪ್ಪೆ ತೆಗೆದು, ಹಬೆಯಲ್ಲಿ ಬೇಯಿಸಿ, ಚಮಚದ ಹಿಂಭಾಗದಿಂದ ನುರಿದು ಬಾಯಿಗಿಡುವುದು. ಪುಟ್ಟಿ ಚಾಕು ಕಂಡ ತಕ್ಷಣ ಬಾಯಿ ತೆರೆದು ಕೂರುತ್ತಿದ್ದಳು.

ಒಮ್ಮೆ ಸೊಸೆ ತಾನೇ ಸಿಪ್ಪೆ ತೆಗೆಯಲು ಹೋಗಿದ್ದಳು. ಅವಳದು ಬಟ್ಟೆ ಕತ್ತರಿಸುವ ಕೈ. ಚಾಕು ಹಿಡಿದರೆ ಸಿಪ್ಪೆಗಿಂತ ಹಣ್ಣೇ ಜಾಸ್ತಿ ಬೀಳುತ್ತಿತ್ತು.

"ನಿನ್ನ ಸಿಪ್ಪೇನ ಹಸುಗೆ ಹಾಕಿದ್ರೆ, ಯಾರೋ ಪುಣ್ಯಾತ್ಗಿತ್ತಿ ಹಣ್ಣೇ ಕೊಟ್ಲು ಅಂತ ಹರಸುತ್ತೆ ನೋಡು," ಎಂದಿದ್ದಳು ಸಿಪ್ಪೆಯಮ್ಮ.

"ಔಷಧಿ ಹೊಡೆದಿರ್ತಾರಂತಲ್ಲ ಅತ್ತೆ. ಸ್ವಲ್ಪ ದಪ್ಪ ತೆಗೆದ್ರೆ ಒಳ್ಳೇದಲ್ವಾ?"

"ನಾನು ಕೆಲಸ ಮಾಡೋದೇ ಅಲ್ಲಿ ಕಣೇ. ನನಗೇ ಪಾಠ ಹೇಳ್ತೀಯಾ? ಔಷಧಿ ಇರೋದೆಲ್ಲ ಸಿಪ್ಪೇಲಿ. ಸಿಪ್ಪೆ ಹೋಯ್ತು ಅಂದ್ರೆ ಎಲ್ಲಾ ಹೋಯ್ತು. ಅದರ ಕೆಳಗೆ ಇರೋದೇ ಸವಿ, ಅದನ್ನ ಯಾಕೆ ಬಿಸಾಡ್ತೀಯ? ಕೊಡು ಇಲ್ಲಿ."

ಹಾಗೆಂದು ಅವಳ ಕೈಯಿಂದ ಚಾಕು ಕಸಿದುಕೊಂಡವಳು ಮತ್ತೆ ಕೊಟ್ಟಿರಲಿಲ್ಲ. ಸುಳ್ಳೇನೂ ಹೇಳಿರಲಿಲ್ಲ ಪಾಪ. ಸಿಪ್ಪೆಯ ಡಬ್ಬಿ ಮಿಷನ್ನಿಗೆ ಹೋದಾಗ ಪರದೆಯ ಮೇಲೆ ಗೀಟು ಸರ್ರನೆ ಮೇಲೇಳುವುದನ್ನೂ, ತಿರುಳಿನ ಡಬ್ಬಿ ಹೋದಾಗ ಅದೇ ಗೀಟು ಅಲ್ಲಾಡದೆ ಮಲಗಿರುವುದನ್ನೂ ಅವಳು ಕಣ್ಣಾರೆ ಕಂಡಿದ್ದಳು. ಕಂಡದ್ದನ್ನು ನಂಬಿದ್ದಳು.

ಇದೆಲ್ಲ ಹಳೆಯ ಮಿಷನ್ನಿನ ಕಾಲದ ಮಾತು. ಆಮೇಲೆ ಹೊಸದು ಬಂತು. ಹಳೆಯದಕ್ಕೆ ಕಾಣದಷ್ಟು ಸಣ್ಣ ಪಾಲೂ ಇದಕ್ಕೆ ಕಾಣುತ್ತದಂತೆ ಎಂದು ಕೆಮಿಸ್ಟು ಅದರ ಬೆನ್ನು ತಟ್ಟಿಕೊಂಡು ಓಡಾಡುತ್ತಿದ್ದ. ಮಿಷನ್ನು ನಡೆಸುವವನು ಅವನೇ; ಸಣ್ಣಪುಟ್ಟದ್ದಕ್ಕೆ ಮೂಗಿನ ತುದಿಯಲ್ಲಿ ಕೋಪ, ಒಳಗೆ ಒಳ್ಳೆಯವನು. ಹೊಸ ಮಿಷನ್ನಿಗೆ ಮೊದಲು ಸೇಬನ್ನೇ ಹಾಕೋಣವೆಂದು ಮೇಡಂ ಹೇಳಿದರು.

ಆ ದಿನ ಸಿಪ್ಪೆಯಮ್ಮ ಒಂದು ಹಣ್ಣಿನ ಸಿಪ್ಪೆ ಪೂರ್ತಿ ಇಳಿಸಿ, ಕಪ್ಪು ಚಾಕು ಇನ್ನೂ ಕೈಯಲ್ಲಿರುವಾಗಲೇ ಬಾಗಿಲಾಚೆ ಫೋನು ಬಡಿದುಕೊಂಡಿತು. ಹೆಚ್ಚುವ ಕೋಣೆಯೊಳಗೆ ಫೋನು ತರುವಂತಿಲ್ಲ. ಎಲ್ಲರೂ ಹೊರಗಿನ ಗೂಡಿನಲ್ಲಿ ಇಟ್ಟು ಬರಬೇಕು. ಮೊದಲ ಸಲ ಬಿಟ್ಟಳು. ಎರಡನೇ ಸಲ ಬಡಿದುಕೊಂಡಾಗ ಕೈಗವಸು ಕಳಚಿ ಹೋದಳು.

"ಅತ್ತೆ, ಪುಟ್ಟಿ ತಿಂದಿದ್ದೆಲ್ಲ ಕಕ್ಕಿಬಿಟ್ಲು," ಎಂದಳು ಸೊಸೆ. "ಮೈ ಬಿಸಿ ಏನಿಲ್ಲ. ಆದ್ರೂ ಭಯ ಆಗ್ತಿದೆ."

"ಹಲ್ಲು ಬರ್ತಿದೆಯಲ್ಲ, ಅದಕ್ಕೇ ಇರಬೇಕು. ನೀರು ಕುಡಿಸ್ತಾ ಇರು. ಸಂಜೆ ಡಾಕ್ಟ್ರ ಹತ್ರ ಹೋಗೋಣ."

ಬಾಯಲ್ಲಿ ಧೈರ್ಯ ಹೇಳಿದಳೇ ಹೊರತು ಮನಸ್ಸೆಲ್ಲ ಮನೆಯ ಕಡೆಗೇ ಇತ್ತು. ಒಳಗೆ ಬಂದು ಹೊಸ ಕೈಗವಸು ಹಾಕಿಕೊಂಡು ಉಳಿದ ಕೆಲಸ ಮುಗಿಸಿದಳು. ಸಂಜೆ ಡಾಕ್ಟರು ಮಗುವಿನ ಹೊಟ್ಟೆ ತಟ್ಟಿ ನೋಡಿ, ಹಲ್ಲಿನದೇ ರಗಳೆ ಎಂದು ಕಳಿಸಿದರು. ಪುಟ್ಟಿ ದಾರಿಯುದ್ದಕ್ಕೂ ಅಜ್ಜಿಯ ಕನ್ನಡಕಕ್ಕೆ ಕೈ ಹಾಕುತ್ತ ಬಂದಳು. ಅಲ್ಲಿಗೆ ಆ ಕತೆ ಮುಗಿಯಿತೆಂದುಕೊಂಡಳು ಸಿಪ್ಪೆಯಮ್ಮ.

ಮರುದಿನ ಕೆಮಿಸ್ಟು ಹೆಚ್ಚುವ ಕೋಣೆಯ ಬಾಗಿಲಲ್ಲಿ ಬಂದು ನಿಂತ.

"ಅಮ್ಮಾ, ನಿನ್ನೆ ಚಾಕು ಬದಲಾಯಿಸಿದ್ರಾ?"

"ಇದೆಂಥ ಪ್ರಶ್ನೆ ಸಾರ್?"

"ತಿರುಳಿನ ಡಬ್ಬೀಲೂ ಗೀಟು ಎದ್ದಿದೆ. ಸಿಪ್ಪೇಲಿ ಇರೋ ಔಷಧಿನೇ ಅಲ್ಲೂ ತೋರಿಸ್ತಿದೆ. ಸಿಪ್ಪೆ ಚಾಕು ತಿರುಳಿಗೆ ತಾಗಿರಬೇಕು."

ಸಿಪ್ಪೆಯಮ್ಮನಿಗೆ ಮುಖಕ್ಕೆ ಹೊಡೆದ ಹಾಗಾಯಿತು. ಇಷ್ಟು ವರ್ಷದಲ್ಲಿ ಅವಳ ಚಾಕುವಿನ ಬಗ್ಗೆ ಯಾರೂ ಸೊಲ್ಲೆತ್ತಿದವರಲ್ಲ. ಬೇರೆ ದಿನವಾಗಿದ್ದರೆ ಕೆಮಿಸ್ಟನ ನೀರಿಳಿಸಿ ಕಳಿಸುತ್ತಿದ್ದಳು. ಆದರೆ ಮಾತು ನಾಲಿಗೆಯವರೆಗೆ ಬಂದು ಅಲ್ಲೇ ನಿಂತಿತು. ಫೋನಿಗೆ ಹೋದದ್ದು ನೆನಪಿದೆ, ಹೊಸ ಕೈಗವಸು ಹಾಕಿಕೊಂಡದ್ದು ನೆನಪಿದೆ. ಆಮೇಲೆ ಕೈಗೆತ್ತಿಕೊಂಡ ಚಾಕುವಿನ ಹಿಡಿ ಬಿಳಿಯೋ ಕಪ್ಪೋ? ಎಷ್ಟು ತಲೆ ಕೆರೆದುಕೊಂಡರೂ ಹಿಡಿಯ ಬಣ್ಣ ಕಣ್ಣಿಗೆ ಬರಲಿಲ್ಲ. ಕಣ್ಣ ಮುಂದೆ ಬಂದದ್ದು ಪುಟ್ಟಿಯ ಮುಖವೊಂದೇ.

"ನೆನಪಿಲ್ಲ ಸಾರ್," ಎಂದಳು.

ದಿನವಿಡೀ ಅವಮಾನ ಎದೆಯಲ್ಲಿ ಕುದಿಯಿತು. ಸಂಜೆ ಮನೆಯ ಹಾದಿ ಹಿಡಿದು, ತಿರುವಿನ ಹಣ್ಣಿನ ಗಾಡಿಯ ಮುಂದೆ ಎಂದಿನಂತೆ ನಿಂತು ಸೇಬು ಆರಿಸತೊಡಗಿದಾಗ ಇನ್ನೊಂದು ಯೋಚನೆ ಬಂತು. ಚಾಕು ತಾಗಿರದಿದ್ದರೆ? ತಾನು ಎಲ್ಲವನ್ನೂ ಸರಿಯಾಗಿಯೇ ಮಾಡಿದ್ದರೆ ಆ ಗೀಟು ತಿರುಳಿನೊಳಗೆ ಎಲ್ಲಿಂದ ಬಂತು? ಕೈಯಲ್ಲಿದ್ದ ಸೇಬನ್ನು ತಿರುಗಿಸಿ ನೋಡಿದಳು. ಕೆಂಪು ಮೈ, ಅದರ ತುಂಬ ಸಾಸಿವೆಯಷ್ಟು ಸಣ್ಣ ಬಿಳಿ ಚುಕ್ಕೆಗಳು. ಸೇಬಿನಲ್ಲಿ ಅವಳಿಗೆ ತುಂಬ ಇಷ್ಟವಾದದ್ದೇ ಆ ಚುಕ್ಕೆಗಳು. ಹಣ್ಣನ್ನು ಮತ್ತೆ ಗಾಡಿಯ ಮೇಲೆ ಇಟ್ಟಳು.

"ಯಾಕಮ್ಮಾ, ಚೆನ್ನಾಗಿಲ್ವಾ?" ಎಂದ ಗಾಡಿಯವನು.

"ಇವತ್ತು ಬೇಡ."

ಅಲ್ಲಿಂದ ಶುರುವಾಯಿತು ಅವಳ ಪೇಚಾಟ. ಚಾಕುವಿನದೇ ತಪ್ಪಾಗಿದ್ದರೆ ಅವಳ ಹೆಸರಿಗೆ ಮಸಿ, ಆದರೆ ಹಣ್ಣಿನ ಒಳಗು ಶುದ್ಧ, ಪುಟ್ಟಿ ತಿಂದದ್ದೆಲ್ಲ ಒಳ್ಳೆಯದೇ. ಚಾಕುವಿನದು ತಪ್ಪಲ್ಲದಿದ್ದರೆ ಅವಳ ಕೈ ಗೆದ್ದಿತು, ಆದರೆ ಅದೇ ಕೈಯಿಂದ ದಿನಾ ಬೆಳಿಗ್ಗೆ ಮಗುವಿನ ಬಾಯಿಗೆ ಇಟ್ಟದ್ದೇನು? ರಾತ್ರಿಗಿಂತ ಬೆಳಿಗ್ಗೆ ಹೆಚ್ಚು ಕಷ್ಟವಾಯಿತು. ಚಮಚ, ಬಟ್ಟಲು, ಹಬೆಯ ಪಾತ್ರೆ ಎಲ್ಲ ತಮ್ಮ ತಮ್ಮ ಜಾಗದಲ್ಲಿ ಕಾಯುತ್ತಿದ್ದವು. ಪುಟ್ಟಿಯೂ ಕಾಯುತ್ತಿದ್ದಳು.

ಅವಳು ಮನಸ್ಸಿನಲ್ಲೇ ಬೇಡಿಕೊಳ್ಳತೊಡಗಿದಳು: ತಪ್ಪು ನನ್ನದೇ ಆಗಿರಲಿ. ಜೀವಮಾನವೆಲ್ಲ ಒಂದು ಮಾತು ಅನ್ನಿಸಿಕೊಳ್ಳದೆ ಬಾಳಿದವಳು, ಈಗ ಅನ್ನಿಸಿಕೊಳ್ಳಲು ಹಾತೊರೆಯುತ್ತಿದ್ದಳು. ಯೋಚಿಸಿದಷ್ಟೂ ಕಪ್ಪು ಹಿಡಿಯೇ ಕೈಯಲ್ಲಿದ್ದಂತೆ ಕಾಣತೊಡಗಿತು. ಲ್ಯಾಬಿಗೆ ಹೋದವಳೇ ನೇರವಾಗಿ ಮೇಡಂ ಕೋಣೆಗೆ ನಡೆದಳು. ಮೇಡಂ ಅವಳಿಗಿಂತ ಚಿಕ್ಕವರು. ಏನೇ ಕೇಳಿದರೂ ಪೆನ್ನು ಕೆಳಗಿಟ್ಟು ಮಾತಾಡುವ ಹೆಂಗಸು.

"ಮೇಡಂ, ಅವತ್ತು ನಾನು ಚಾಕು ಬದಲಾಯಿಸಲಿಲ್ಲ ಅನ್ಸುತ್ತೆ. ಮನೆಯಿಂದ ಫೋನ್ ಬಂದಿತ್ತು. ಗಾಬರೀಲಿದ್ದೆ. ನಂದೇ ತಪ್ಪು ಅಂತ ಬರ್ಕೊಂಡ್ಬಿಡಿ."

"ಅನ್ಸುತ್ತೋ, ಗೊತ್ತೋ?"

"ಅನ್ಸುತ್ತೆ," ಎಂದಳು ಸಿಪ್ಪೆಯಮ್ಮ.

"ಅನ್ಸೋದು ಸಾಲದು ಅಮ್ಮಾ. ಅದೇ ತೋಟದ ಹಣ್ಣು ಇನ್ನೂ ಇದೆ. ಸೋಮವಾರ ಮತ್ತೆ ಮಾಡೋಣ. ನಾನೇ ಪಕ್ಕದಲ್ಲಿ ನಿಂತಿರ್ತೀನಿ. ತಿರುಳು ಹೆಚ್ಚೋ ಮೊದಲು ಬಿಳಿ ಚಾಕು ತೊಳೆದು, ಆ ನೀರನ್ನೂ ಮಿಷನ್ನಿಗೆ ಹಾಕೋಣ. ಚಾಕುದೋ ಹಣ್ಣಿಂದೋ ಗೊತ್ತಾಗಿಬಿಡುತ್ತೆ."

ಮೇಡಂ ಅದನ್ನು ಸಮಾಧಾನದ ಮಾತೆಂದೇ ಹೇಳಿದ್ದರು.

ಶನಿವಾರ, ಭಾನುವಾರ ಎರಡು ದಿನ ಎರಡು ವರ್ಷವಾಯಿತು. ಶನಿವಾರ ಬೆಳಿಗ್ಗೆ ಸೇಬು ತಂದಿಲ್ಲವೆಂದು ತಪ್ಪಿಸಿಕೊಂಡಳು. ಭಾನುವಾರ ಸೊಸೆಯೇ ಹೋಗಿ ತಂದಳು. ಸಿಪ್ಪೆಯಮ್ಮ ಅದರಲ್ಲೊಂದನ್ನು ಕೈಗೆತ್ತಿಕೊಂಡು ಮೂಸಿ, ಒತ್ತಿ, ಕೆಟ್ಟಿದೆ ಎಂದು ಕಸದ ಬುಟ್ಟಿಗೆ ಹಾಕಿದಳು. ಇನ್ನೊಂದನ್ನೂ ಹಾಕಿದಳು. ಸೊಸೆ ಹೊಲಿಗೆ ನಿಲ್ಲಿಸಿ ಎದ್ದು ಬಂದು ಬುಟ್ಟಿಯಿಂದ ಒಂದನ್ನು ಎತ್ತಿ ನೋಡಿದಳು.

"ಚೆನ್ನಾಗೇ ಇದೆಯಲ್ಲ ಅತ್ತೆ. ಚೂರು ತಿರುಳು ಹೋದ್ರೆ ಜೀವ ಬಿಡೋರು ನೀವು. ಏನಾಗಿದೆ ನಿಮಗೆ?"

"ನನಗೇನಾಗಿದೆ? ಏನೂ ಇಲ್ಲ."

"ಪುಟ್ಟಿ ಅಳ್ತಿದಾಳೆ, ನೋಡಿ."

ಪುಟ್ಟಿ ಚಾಪೆಯ ಮೇಲೆ ಕೂತು ಬುಟ್ಟಿಯ ಕಡೆ ಕೈ ಚಾಚಿ ಅಳುತ್ತಿದ್ದಳು. ಸಿಪ್ಪೆಯಮ್ಮ ಅವಳನ್ನೆತ್ತಿಕೊಂಡು ಕಿಟಕಿಯ ಹತ್ತಿರ ನಿಂತು ಬೀದಿ ತೋರಿಸಿದಳು. ಮಗು ಕಕ್ಕಿದ್ದು ಹಲ್ಲಿಗೇ ಎಂದು ಡಾಕ್ಟರು ಹೇಳಿದ್ದರು. ಆದರೂ ಪ್ರತಿ ಸಲ ಮಗು ಬಿಕ್ಕಿದಾಗ ಮತ್ತೆ ಕಕ್ಕಿತೋ ಎಂದು ಅದರ ಬಾಯಿ ನೋಡುತ್ತಿದ್ದಳು. ಸೊಸೆಗೆ ಹೇಳಿಬಿಡೋಣವೆಂದು ಎರಡು ಸಲ ಬಾಯಿ ತೆರೆದಳು. ಏನೆಂದು ಹೇಳುವುದು? ನೀನು ಕೇಳಿದ್ದಿ, ನಾನು ಗದರಿ ಬಾಯಿ ಮುಚ್ಚಿಸಿದ್ದೆ ಎಂದೇ? ಸೋಮವಾರ ಆಗಲಿ, ಚಾಕುವಿನದೇ ಎಂದು ಗೊತ್ತಾದರೆ ಹೇಳುವ ಪ್ರಸಂಗವೇ ಇಲ್ಲ ಎಂದುಕೊಂಡು ಬಾಯಿಗೆ ಬೀಗ ಹಾಕಿಕೊಂಡಳು.

ಸೋಮವಾರ ಮೇಡಂ ಮಾತಿನಂತೆ ಪಕ್ಕದಲ್ಲಿ ನಿಂತರು. ಕೆಮಿಸ್ಟು ಡಬ್ಬಿಗಳನ್ನು ಹಿಡಿದುಕೊಂಡು ಎದುರಿಗೆ ನಿಂತ. ಕಪ್ಪು ಚಾಕುವಿನಿಂದ ಮೊದಲ ಪಟ್ಟಿ ಇಳಿಯಿತು, ಎಂದಿನಂತೆ ಒಂದೇ ಉದ್ದಕ್ಕೆ. ಬರಿಮೈಯ ಹಣ್ಣು ಎಡಗೈಯಲ್ಲಿ ಉಳಿಯಿತು. ಮೇಡಂ ಅದೇ ಹೊತ್ತಿಗೆ ಕೆಮಿಸ್ಟನ ಕಡೆ ತಿರುಗಿ ಡಬ್ಬಿಯ ಬಗ್ಗೆ ಏನೋ ಕೇಳಿದರು. ಇಬ್ಬರ ಕಣ್ಣೂ ಆ ಕಡೆ ಇತ್ತು. ಕಪ್ಪು ಅಲಗು ತಿರುಳಿನಿಂದ ಒಂದು ಬೆರಳಷ್ಟು ದೂರದಲ್ಲಿತ್ತು.

ಒಂದು ಸಲ ಒಳಕ್ಕೆ ಇಳಿಸಿದರೆ ಮುಗಿಯಿತು. ಗೀಟು ಎದ್ದೇ ಏಳುತ್ತದೆ, ಚಾಕುವಿನದು ಎಂದು ಎಲ್ಲರೂ ಒಪ್ಪುತ್ತಾರೆ, ಮುದುಕಿಗೆ ಕೈ ನಡುಗುತ್ತದೆ ಎಂದು ನಾಲ್ಕು ದಿನ ಆಡಿಕೊಂಡು ಸುಮ್ಮನಾಗುತ್ತಾರೆ. ಆದರೆ ಎಲ್ಲರೂ ಒಪ್ಪಿದ ಮೇಲೆ ನಾಳೆ ಬೆಳಿಗ್ಗೆ ಪುಟ್ಟಿಯ ಮುಂದೆ ಕೂತು ಚಾಕು ಹಿಡಿಯಬೇಕಾದವಳು ಅವಳೇ. ಆಗ ಅವಳಿಗೆ ಯಾರು ಹೇಳುತ್ತಾರೆ, ಒಳಗೆ ಇದೆಯೋ ಇಲ್ಲವೋ ಎಂದು? ಮಿಷನ್ನಿಗೆ ಮೋಸ ಮಾಡಬಹುದು. ಮಗುವಿನ ಹೊಟ್ಟೆಗೆ ಮಾಡುವುದು ಹೇಗೆ?

ಕಪ್ಪು ಚಾಕುವನ್ನು ತಟ್ಟೆಯಲ್ಲಿಟ್ಟಳು. ಕೈಗವಸು ಬದಲಾಯಿಸಿದಳು. "ಮೇಡಂ, ಈ ಕಡೆ ನೋಡಿ. ಇದು ಬಿಳಿ ಹಿಡಿ," ಎಂದು ಎತ್ತಿ ತೋರಿಸಿಯೇ ಮುಂದಿನ ಕೆಲಸಕ್ಕೆ ಕೈ ಹಾಕಿದಳು. ಪ್ರತಿ ಹಣ್ಣಿಗೂ ಹಾಗೆಯೇ ತೋರಿಸಿದಳು.

ಮರುದಿನ ಮಧ್ಯಾಹ್ನ ಮೇಡಂ ಕರೆ ಕಳಿಸಿದರು. ಕೆಮಿಸ್ಟು ಬಾಗಿಲಲ್ಲೇ ನಿಂತು, ಅವಳು ಬರುವುದನ್ನು ಕಂಡು ತಲೆ ಕೆರೆದುಕೊಂಡ.

"ಅಮ್ಮಾ, ಅವತ್ತು ದುಡುಕಿಬಿಟ್ಟೆ. ಮನಸ್ಸಿಗೆ ಹಚ್ಕೋಬೇಡಿ. ಟೀ ತರಿಸಿದೀನಿ, ಕುಡೀರಿ."

ಟೀ ಲೋಟ ನೋಡಿದ ಕೂಡಲೇ ಸಿಪ್ಪೆಯಮ್ಮನಿಗೆ ಗೊತ್ತಾಗಿಹೋಯಿತು. ಲೋಟ ಹಿಡಿದು ಕುರ್ಚಿಯಲ್ಲಿ ಕೂತಳು.

"ಚಾಕು ನೀರಲ್ಲಿ ಏನೂ ಇಲ್ಲ," ಎಂದರು ಮೇಡಂ ನಗುತ್ತ. "ನಿಮ್ಮ ಕೈ ತಪ್ಪಿಲ್ಲ ಅಮ್ಮಾ. ಅದು ಹಣ್ಣಿನದೇ. ಇಷ್ಟು ಶುದ್ಧವಾಗಿ ನೀವು ಬಿಡಿಸಿ ಕೊಟ್ಟಿದ್ದಕ್ಕೇ ನಮಗೆ ಧೈರ್ಯವಾಗಿ ಹೇಳೋಕಾಗ್ತಿದೆ. ಔಷಧಿ ಸಿಪ್ಪೆ ದಾಟಿ ಒಳಗೆ ಹೋಗಿದೆ."

"ಹೇಗೆ ಹೋಗುತ್ತೆ ಮೇಡಂ? ಸಿಪ್ಪೆ ಇದೆಯಲ್ಲ."

"ಸಿಪ್ಪೆ ಅಂದ್ರೆ ಗೋಡೆ ಅಲ್ಲ. ಅದರ ಮೈಮೇಲೆ ತೆಳುವಾಗಿ ಮೇಣ ಇರುತ್ತೆ, ಕೆಲವು ಔಷಧಿ ಅದರಲ್ಲಿ ಕರಗಿ ನಿಧಾನಕ್ಕೆ ಇಳಿಯುತ್ತೆ. ಕಾಗದದ ಮೇಲೆ ಎಣ್ಣೆ ಹನಿ ಬಿದ್ರೆ ಇಳಿಯಲ್ವಾ, ಹಾಗೆ. ಸೇಬಿನ ಮೇಲೆ ಸಣ್ಣ ಚುಕ್ಕೆ ಇರ್ತಾವಲ್ಲ, ಹಣ್ಣು ಉಸಿರಾಡೋದು ಅದರಿಂದ. ಅಲ್ಲಿಂದಲೂ ಹೋಗಬಹುದು. ಇನ್ನು ಕೆಲವನ್ನ ಗಿಡದ ಒಳಗೆ ಹೋಗಲಿ ಅಂತಾನೇ ಮಾಡಿರ್ತಾರೆ."

ಸಿಪ್ಪೆಯಮ್ಮನಿಗೆ ಆ ಬಿಳಿ ಚುಕ್ಕೆಗಳು ಕಣ್ಣ ಮುಂದೆ ಬಂದವು. ಲೋಟವನ್ನು ಮೇಜಿನ ಮೇಲಿಟ್ಟಳು.

"ಮನೇಲಿ ಮೊಮ್ಮಗಳಿದಾಳೆ ಮೇಡಂ. ದಿನಾ ಸೇಬು ತಿನ್ನಿಸ್ತೀನಿ. ನಾನೇ ಸಿಪ್ಪೆ ತೆಗೆದು."

ಮೇಡಂ ನಗು ನಿಂತಿತು. ಪೆನ್ನು ಕೆಳಗಿಟ್ಟರು. "ಗಾಬರಿ ಆಗಬೇಡಿ. ನಮಗೆ ಸಿಕ್ಕಿರೋದು ತುಂಬಾ ಕಡಿಮೆ, ಸರ್ಕಾರ ಹಾಕಿರೋ ಮಿತಿಗಿಂತ ಎಷ್ಟೋ ಕೆಳಗಿದೆ. ಅಷ್ಟಕ್ಕೇ ಏನೋ ಆಗಿಬಿಡುತ್ತೆ ಅಂತಲ್ಲ. ಹಣ್ಣು ಕೊಡೋದು ನಿಲ್ಲಿಸೋದೂ ಬೇಡ."

"ಆದ್ರೂ?"

"ಆದ್ರೂ ಸಿಪ್ಪೆಗೆ ಅಂಟಿಕೊಂಡಿರೋ ತಿರುಳಲ್ಲೇ ಅದು ಜಾಸ್ತಿ. ಒಳಗೆ ಹೋದ ಹಾಗೆ ಕಡಿಮೆ. ಚೆನ್ನಾಗಿ ತೊಳೆದು, ಮಗುಗೆ ಕೊಡೋವಾಗ ಸಿಪ್ಪೇನ ಸ್ವಲ್ಪ ದಪ್ಪಗೆ ತೆಗೀರಿ. ಅಷ್ಟೇ."

ಅಷ್ಟೇ. ಆ ಮಾತು ಹೇಳುವುದು ಸುಲಭ. ಸಿಪ್ಪೆಯಮ್ಮ ತನ್ನ ಬಲಗೈಯನ್ನು ನೋಡಿಕೊಂಡಳು. ಯಾವ ಪದರವನ್ನು ಬಿಸಾಡಬೇಕಿತ್ತೋ ಅದನ್ನೇ ಒಂದು ಚೂರೂ ಬಿಡದೆ ಉಳಿಸಿ, ಸವಿಯೆಂದು ಮಗುವಿನ ಬಾಯಿಗಿಟ್ಟ ಕೈ ಅದು. ಅವಳಿಗೆ ಅಳು ಬಂತು, ಆದರೆ ಕೆಮಿಸ್ಟು ಎದುರಿಗೇ ನಿಂತಿದ್ದ. ಟೀ ಕುಡಿದು ಎದ್ದಳು.

ಮರುದಿನ ಬೆಳಿಗ್ಗೆ ಸೇಬನ್ನು ನಲ್ಲಿಯ ಕೆಳಗೆ ಹಿಡಿದು ಉಜ್ಜಿ ಉಜ್ಜಿ ತೊಳೆದಳು. ಪುಟ್ಟಿ ಚಾಪೆಯ ಮೇಲೆ ಬಂದು ಕೂತಿದ್ದಳು. ಸಿಪ್ಪೆಯಮ್ಮ ತೊಟ್ಟಿನ ಹತ್ತಿರ ಚಾಕು ಇಟ್ಟು, ದಪ್ಪಗೆ ಎಂದು ಮನಸ್ಸಿನಲ್ಲಿ ಗಟ್ಟಿ ಮಾಡಿಕೊಂಡು ಹಣ್ಣು ತಿರುಗಿಸಿದಳು. ಸಿಪ್ಪೆ ತೆಳ್ಳಗೆ ಬಂತು. ಅಲಗನ್ನು ಒತ್ತಿ ಒಳಗಿಳಿಸಿದಳು. ಒಂದು ಸುತ್ತು ಹೋಗುವಷ್ಟರಲ್ಲಿ ಕೈ ತನ್ನಷ್ಟಕ್ಕೆ ತಾನೇ ಅಲಗನ್ನು ಮೇಲೆ ತಂದುಬಿಟ್ಟಿತ್ತು. ಅದೇ ಪಟ್ಟಿ, ಆಚೆಗಿನ ಕಿಟಕಿ ಕಾಣುವಷ್ಟು ತೆಳ್ಳಗೆ. ಎರಡನೇ ಹಣ್ಣೂ ಹಾಗೆಯೇ ಆಯಿತು. ಅವಳು ಚಾಕುವನ್ನು ತಿರುಗಿಸಿ, ಹಿಡಿಯನ್ನು ಸೊಸೆಯ ಕಡೆ ಚಾಚಿದಳು.

"ನೀನೇ ತೆಗಿ."

ಸೊಸೆ ಹೊಲಿಗೆ ಮಿಷನ್ನಿನಿಂದ ತಲೆಯೆತ್ತಿದಳು. "ನಾನಾ? ನನ್ನ ಸಿಪ್ಪೆಗೆ ಹಸು ಹರಸುತ್ತೆ ಅಂತಿದ್ರಿ."

"ತೆಗಿಯಮ್ಮ. ನಿನ್ನ ಹಾಗೇ ತೆಗಿ."

ಸೊಸೆ ಎದ್ದು ಹೊಸ ಹಣ್ಣೊಂದನ್ನು ತೊಳೆದು ತಂದು ಚಾಪೆಯ ಮೇಲೆ ಕೂತು ಶುರು ಮಾಡಿದಳು. ಸಿಪ್ಪೆ ತುಂಡುತುಂಡಾಗಿ, ಬೆನ್ನಿಗೆ ಬಿಳಿ ತಿರುಳು ಹೊತ್ತುಕೊಂಡು ತಟ್ಟೆಗೆ ಬಿತ್ತು. ಬೇರೆ ದಿನವಾಗಿದ್ದರೆ ಸಿಪ್ಪೆಯಮ್ಮ ಕಣ್ಣು ಮುಚ್ಚಿಕೊಳ್ಳುತ್ತಿದ್ದಳು. ಇವತ್ತು ಕಣ್ಣು ಕೀಳದೆ ನೋಡುತ್ತಿದ್ದಳು.

"ಇನ್ನೂ ಸ್ವಲ್ಪ ದಪ್ಪ," ಎಂದಳು.

ಸೊಸೆಯ ಕೈ ನಿಧಾನವಾಯಿತು. "ಏನಾಯ್ತು ಅತ್ತೆ?"

ಸಿಪ್ಪೆಯಮ್ಮ ಹೇಳಿದಳು. ಹೊಸ ಮಿಷನ್ನು, ಕಪ್ಪು ಚಾಕು, ಬಿಳಿ ಚಾಕು, ಕಾಗದಕ್ಕೆ ಇಳಿಯುವ ಎಣ್ಣೆ, ಬಿಳಿ ಚುಕ್ಕೆ, ಎಲ್ಲವನ್ನೂ ಹೇಳಿದಳು. ತುಂಬಾ ಕಡಿಮೆಯಂತೆ, ಗಾಬರಿಯಾಗಬಾರದಂತೆ ಎಂದೂ ಹೇಳಿದಳು. "ಅವತ್ತೇ ನೀನು ಹೇಳಿದ್ದೆ. ನಾನು ಕೇಳಲಿಲ್ಲ," ಎಂದಳು ಕೊನೆಗೆ.

ಸೊಸೆ ಹಣ್ಣನ್ನು ನೋಡಿದಳು, ಮಗುವನ್ನು ನೋಡಿದಳು.

"ಹಾಗಾದ್ರೆ ಇಷ್ಟು ದಿನ ತಿಂದಿದ್ದು?"

ಮೇಡಂ ಹೇಳಿದ ಧೈರ್ಯದ ಮಾತುಗಳೆಲ್ಲ ಆಗಲೇ ಖರ್ಚಾಗಿದ್ದವು. ಸೊಸೆ ಬಯ್ಯಲಿಲ್ಲ. ತಟ್ಟೆಯಲ್ಲಿದ್ದ ದಪ್ಪ ಸಿಪ್ಪೆಗಳನ್ನು ಪಕ್ಕಕ್ಕೆ ಸರಿಸಿ, ಸಿಪ್ಪೆಯೇ ಇಲ್ಲದ ಬಿಳಿ ಹಣ್ಣಿನ ಮೇಲೆ ಮತ್ತೊಮ್ಮೆ ಚಾಕು ಇಟ್ಟು ಇನ್ನೊಂದು ಸುತ್ತು ತೆಗೆಯತೊಡಗಿದಳು. ಪುಟ್ಟಿ ಬಾಯಿ ತೆರೆದುಕೊಂಡು ಕಾಯುತ್ತಿದ್ದಳು.